ಊರಿಗೊಂದು ವೋಲ್ಟೇಜು

ಹೊರದೇಶಕ್ಕೆ ಹೊರಟವರ ಪೆಟ್ಟಿಗೆಯಲ್ಲಿ ಇಂದು ಉಪ್ಪಿನಕಾಯಿ, ಚಟ್ನಿಪುಡಿಗಳೊಡನೆ ಲ್ಯಾಪ್‌ಟಾಪೂ ಅದರ ಚಾರ್ಜರೂ ಇರುತ್ತವೆ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಟ ತಂದೆತಾಯಿಗಳು ಕೇಳುವುದುಂಟು: ಇಲ್ಲಿಯ ಚಾರ್ಜರು ಅಲ್ಲಿ ಸುಟ್ಟುಹೋಗುವುದಿಲ್ಲವೇ? ಪ್ರಶ್ನೆ ಸಣ್ಣದು; ಅಂಜಿಕೆ ನಿರಾಧಾರವಾದುದಲ್ಲ.

ವಿದ್ಯುತ್ತು ಎಲ್ಲೆಡೆಯೂ ಒಂದೇ. ಅದು ಮನೆಯನ್ನು ತಲಪುವ ಒತ್ತಡ ಮಾತ್ರ ಬೇರೆ ಬೇರೆ. ನಮ್ಮಲ್ಲಿ 230 ವೋಲ್ಟು, ಸೆಕೆಂಡಿಗೆ 50 ಆವರ್ತಗಳು. ಅಮೆರಿಕದಲ್ಲಿ 120 ವೋಲ್ಟು, 60 ಆವರ್ತಗಳು. ಜಪಾನಿನ ಕಥೆ ಇನ್ನೂ ವಿಚಿತ್ರವಾದುದು. ಅಲ್ಲಿ ವೋಲ್ಟೇಜು 100. ಆದರೆ ಟೋಕಿಯೋ ಇರುವ ಪೂರ್ವಭಾಗದಲ್ಲಿ 50 ಆವರ್ತ, ಒಸಾಕಾ ಇರುವ ಪಶ್ಚಿಮಭಾಗದಲ್ಲಿ 60. 1890ರ ದಶಕದಲ್ಲಿ ಟೋಕಿಯೋ ಜರ್ಮನಿಯಿಂದಲೂ ಒಸಾಕಾ ಅಮೆರಿಕದಿಂದಲೂ ಉತ್ಪಾದಕ ಯಂತ್ರಗಳನ್ನು ತರಿಸಿಕೊಂಡುದರ ಫಲವಿದು. 2011ರ ಭೂಕಂಪದ ತರುವಾಯ ಪೂರ್ವದಲ್ಲಿ ವಿದ್ಯುತ್ತಿನ ಅಭಾವ ತಲೆದೋರಿದಾಗ, ಪಶ್ಚಿಮದಿಂದ ಸಾಕಷ್ಟು ಕಳುಹಿಸಲು ಈ ಭೇದವೇ ಅಡ್ಡಿಯಾಯಿತು.

ಇಷ್ಟೆಲ್ಲ ವೈವಿಧ್ಯವನ್ನು ಲ್ಯಾಪ್‌ಟಾಪಿನ ಚಾರ್ಜರು ಹೇಗೆ ಸಹಿಸುತ್ತದೆ? ಗೋಡೆಯಿಂದ ಬಂದ ಪರ್ಯಾಯ ಪ್ರವಾಹವನ್ನು ಅದು ಮೊದಲು ಏಕಮುಖವಾಗಿಸುತ್ತದೆ. ಬಳಿಕ ಸೆಕೆಂಡಿಗೆ ಹತ್ತಾರು ಸಾವಿರ ಸಲ ತುಂಡರಿಸಿ, ಪುಟ್ಟ ಟ್ರಾನ್ಸ್‌ಫಾರ್ಮರಿನ ಮೂಲಕ ಹಾಯಿಸಿ, ಸುಮಾರು 20 ವೋಲ್ಟಿಗೆ ಇಳಿಸುತ್ತದೆ. ಹೊರಬರುವ ವೋಲ್ಟೇಜು ತಗ್ಗಿದರೆ ಒಳಗಿನ ನಿಯಂತ್ರಕವು ಪ್ರವಾಹಕ್ಕೆ ಹೆಚ್ಚು ಅವಕಾಶ ಕೊಡುತ್ತದೆ. ಏರಿದರೆ ಕಡಿಮೆ ಮಾಡುತ್ತದೆ. 60 ವ್ಯಾಟ್ ಸೆಳೆಯುವ ಚಾರ್ಜರು ಇಲ್ಲಿ ಸುಮಾರು ಕಾಲು ಆಂಪಿಯರ್ ಎಳೆದುಕೊಂಡರೆ ಅಮೆರಿಕದಲ್ಲಿ ಅರ್ಧ ಆಂಪಿಯರ್ ಎಳೆದುಕೊಳ್ಳುತ್ತದೆ. ಲ್ಯಾಪ್‌ಟಾಪಿಗೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ.

ಆದರೆ ಈ ಜಾಣತನ ಎಲ್ಲ ಉಪಕರಣಗಳಿಗೂ ಇಲ್ಲ. ಕಾಯಿಸುವ ಸಾಧನದಲ್ಲಿ ಶಾಖವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ಇಲ್ಲಿಯ ಇಸ್ತ್ರಿಪೆಟ್ಟಿಗೆ ಅಲ್ಲಿ ಕಾಲುಪಾಲಿನಷ್ಟೇ ಕಾದು ನಿಂತೀತು. ಅಲ್ಲಿಂದ ತಂದುದನ್ನು ಇಲ್ಲಿ ಸಿಕ್ಕಿಸಿದರೆ ಹೆಚ್ಚುಕಡಿಮೆ ನಾಲ್ಕು ಪಟ್ಟು ಕಾದು ಸುಟ್ಟೀತು, ಬೆಂಕಿಗೂ ಕಾರಣವಾದೀತು. ಇಲ್ಲಿಯ ಮಿಕ್ಸಿ ಅಲ್ಲಿ ದೋಸೆಹಿಟ್ಟನ್ನು ರುಬ್ಬಲಾರದು. ಉಬ್ಬಸದವರು ಒಯ್ಯುವ ಔಷಧದ ಹಬೆಯಂತ್ರವೂ ಒಂದೇ ವೋಲ್ಟೇಜಿಗೆ ಮೀಸಲಾಗಿದ್ದರೆ, ಅಪರಾತ್ರಿಯಲ್ಲಿ ಉಸಿರು ಕಟ್ಟಿದಾಗ ಅದು ಕೈಕೊಟ್ಟೀತು. ಇದನ್ನು ಪ್ರಯಾಣಕ್ಕೆ ಮುನ್ನವೇ ಅರಿತಿರಬೇಕು.

ಅರಿಯುವ ಬಗೆ ಸುಲಭ. ಉಪಕರಣದ ಬೆನ್ನಮೇಲೆ ಸಣ್ಣ ಅಕ್ಷರಗಳಲ್ಲಿ "ಇನ್‌ಪುಟ್" ಎಂಬ ಸಾಲೊಂದಿರುತ್ತದೆ. ಅಲ್ಲಿ 100–240 ವೋಲ್ಟು, 50/60 ಹರ್ಟ್ಸ್ ಎಂದಿದ್ದರೆ ನಿಶ್ಚಿಂತೆ. ಪ್ಲಗ್ಗಿನ ಆಕಾರ ಬದಲಿಸುವ ಅಡಾಪ್ಟರೊಂದೇ ಸಾಕು. 230 ಎಂದಷ್ಟೇ ಇದ್ದರೆ ತಕ್ಕ ಸಾಮರ್ಥ್ಯದ ಟ್ರಾನ್ಸ್‌ಫಾರ್ಮರು ಬೇಕು, ಇಲ್ಲವೇ ಅದನ್ನು ಮನೆಯಲ್ಲಿಯೇ ಬಿಟ್ಟು ಹೋಗುವುದು ಲೇಸು. ಅಡಾಪ್ಟರು ಕಡ್ಡಿಗಳ ಆಕಾರವನ್ನು ಹೊಂದಿಸುತ್ತದೆಯೇ ಹೊರತು ವೋಲ್ಟೇಜನ್ನು ಬದಲಿಸುವುದಿಲ್ಲ. ನಮ್ಮದು ಮೂರು ದುಂಡುಕಡ್ಡಿಗಳ ಪ್ಲಗ್ಗು, ಬ್ರಿಟನ್ನಿನದು ಮೂರು ಚೌಕಕಡ್ಡಿಗಳದು, ಅಮೆರಿಕದ್ದು ಚಪ್ಪಟೆಕಡ್ಡಿಗಳದು. ಮೂರನೆಯ ಕಡ್ಡಿ ನೆಲಸಂಪರ್ಕದ್ದು. ಅದನ್ನು ಕೈಬಿಡುವ ಅಗ್ಗದ ಅಡಾಪ್ಟರಿನಿಂದ ದೂರವಿರುವುದೇ ಕ್ಷೇಮ.

ಹಣೆಯ ಬರಹವನ್ನು ಓದಬಲ್ಲವರಿಲ್ಲ. ಚಾರ್ಜರಿನ ಬೆನ್ನಬರಹವನ್ನಾದರೂ ಓದಿ ಹೊರಡೋಣ.