ಬರೆದ ಹೆಸರು, ಕರೆದ ಹೆಸರು

1921ರ ಆಗಸ್ಟ್ 5ರಂದು ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕೆಡಿಕೆಎ ಎಂಬ ರೇಡಿಯೋ ಕೇಂದ್ರ ಮೊತ್ತಮೊದಲ ಬಾರಿಗೆ ಒಂದು ವೃತ್ತಿಪರ ಬೇಸ್‌ಬಾಲ್ ಪಂದ್ಯದ ವೀಕ್ಷಕ ವಿವರಣೆಯನ್ನು ಪ್ರಸಾರ ಮಾಡಿತು. ಫೋರ್ಬ್ಸ್ ಫೀಲ್ಡ್ ಮೈದಾನದಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡಕ್ಕೂ ಫಿಲಡೆಲ್ಫಿಯಾ ಫಿಲೀಸ್ ತಂಡಕ್ಕೂ ಆಟ ನಡೆದಿತ್ತು. ಮೈಕಿನ ಮುಂದೆ ಕೂತಿದ್ದವರು ಹೆರಾಲ್ಡ್ ಆರ್ಲಿನ್. ಪತ್ರಿಕೆಗೆ ವರದಿ ಬರೆಯುವವರಿಗೆ ಎಂದೂ ಬಾರದ ಒಂದು ಪೇಚು ಅಂದು ಅವರಿಗೆ ಎದುರಾಯಿತು. ಪ್ರತಿಯೊಬ್ಬ ಆಟಗಾರನ ಹೆಸರನ್ನೂ ಬಾಯಿಬಿಟ್ಟು ಹೇಳಲೇಬೇಕು. 1876ರಲ್ಲಿ ನ್ಯಾಷನಲ್ ಲೀಗ್ ಶುರುವಾದಾಗಿನಿಂದ ಅಲ್ಲಿಯವರೆಗೆ ದೂರದೂರಿನ ಅಭಿಮಾನಿಯ ಪಾಲಿಗೆ ಆಟಗಾರ ಅಂದರೆ ಮರುದಿನದ ಪತ್ರಿಕೆಯ ಸ್ಕೋರ್ ಪಟ್ಟಿಯಲ್ಲಿ ಅಚ್ಚಾದ ಕೆಲವು ಅಕ್ಷರ. ಆ ಅಕ್ಷರಗಳನ್ನು ಅವನು ತನಗೆ ತೋಚಿದಂತೆ ಓದಿಕೊಂಡರೆ ಕೇಳುವವರು ಯಾರು? ಹೀಗಾಗಿ ಸುಮಾರು ನಲವತ್ತೈದು ವರ್ಷಗಳ ಅವಧಿಯಲ್ಲಿ ಆಡಿ ನಿವೃತ್ತರಾದ ದೊಡ್ಡ ದೊಡ್ಡ ಆಟಗಾರರ ಅಂಕಿಅಂಶಗಳೆಲ್ಲ ನಮಗೆ ಸಿಕ್ಕಿವೆ, ಹೆಸರಿನ ದನಿ ಮಾತ್ರ ಕೈತಪ್ಪಿದೆ. ಆ ದನಿಯನ್ನು ಮತ್ತೆ ಹುಡುಕಲು ಸಾಧ್ಯವೇ, ಸಾಧ್ಯವಾದರೆ ಯಾರ ಸಾಕ್ಷಿಯನ್ನು ನಂಬಬೇಕು ಎಂಬುದು ಇಂದಿನ ಮಾತು. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಆಟಗಾರ ತನ್ನನ್ನು ತಾನು ಹೇಗೆ ಕರೆದುಕೊಂಡನೋ, ಅವನ ಮನೆಯವರೂ ಜೊತೆಗಾರರೂ ಹೇಗೆ ಕರೆದರೋ, ಅದೇ ಸರಿಯಾದ ಉಚ್ಚಾರ. ಅದನ್ನು ತಿಳಿಯಲು ಸರಿಯಾದ ಸ್ಪೆಲಿಂಗ್‌ಗಿಂತ ತಪ್ಪು ಸ್ಪೆಲಿಂಗ್, ಅಡ್ಡಹೆಸರು, ತಮಾಷೆಯ ಪದ್ಯ ಇವೇ ಹೆಚ್ಚು ನಂಬಲರ್ಹ ಸಾಕ್ಷಿಗಳು.

ಆ ಕಾಲದ ಅತಿ ದೊಡ್ಡ ಹೆಸರಿನಿಂದಲೇ ಆರಂಭಿಸೋಣ. 1874ರಲ್ಲಿ ಪಿಟ್ಸ್‌ಬರ್ಗಿನ ಮಗ್ಗುಲಲ್ಲೇ ಜರ್ಮನ್ ವಲಸಿಗರ ಮನೆಯಲ್ಲಿ ಹುಟ್ಟಿದ ಯೊಹಾನ್ನೆಸ್ ಪೀಟರ್ ವ್ಯಾಗ್ನರ್, ನ್ಯಾಷನಲ್ ಲೀಗಿನ ಬ್ಯಾಟಿಂಗ್ ಪಟ್ಟವನ್ನು ಎಂಟು ಬಾರಿ ಗೆದ್ದವರು. ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಸ್ಥಾನದಲ್ಲಿ ಅವರನ್ನು ಮೀರಿಸಿದವರಿಲ್ಲ ಎನ್ನುವವರು ಇಂದಿಗೂ ಇದ್ದಾರೆ. ಪತ್ರಿಕೆಗಳು ಅವರ ಮೊದಲ ಹೆಸರನ್ನು ಎಚ್, ಓ, ಎನ್, ಯು, ಎಸ್ ಎಂದು ಅಚ್ಚು ಹಾಕಿದವು. ಕಣ್ಣಿನಿಂದ ಓದುವವರು ಅದನ್ನು ‘ಹೋನಸ್’ ಅನ್ನುತ್ತಾರೆ. ಆದರೆ ಈ ಹೆಸರು ಹುಟ್ಟಿದ್ದು ಕಿವಿಯಿಂದ. ಯೊಹಾನ್ನೆಸ್ ಎಂಬ ಜರ್ಮನ್ ಹೆಸರಿನ ತಲೆ ಕತ್ತರಿಸಿದರೆ ಉಳಿಯುವುದು ‘ಹಾನ್ನೆಸ್’. ಅಮೆರಿಕನ್ನರ ಬಾಯಲ್ಲಿ ಹಾಟ್, ಪಾಟ್ ಎಂಬ ಮಾತುಗಳಲ್ಲಿ ಓ ಅಕ್ಷರಕ್ಕೆ ‘ಆ’ಕಾರಕ್ಕೆ ಹತ್ತಿರದ ದನಿ ಇದೆ. ಹಾನ್ನೆಸ್ ಎಂಬ ದನಿ ಕೇಳಿದ ಒಬ್ಬ ಇಂಗ್ಲಿಷ್ ಬರಹಗಾರ ಅದನ್ನು ಓ ಹಾಕಿ ಬರೆದಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಕಿವಿಯಿಂದ ಬರೆದದ್ದನ್ನು ಮುಂದಿನ ತಲೆಮಾರು ಕಣ್ಣಿನಿಂದ ಓದಿದಾಗ ಹಾನಸ್ ಹೋಗಿ ಹೋನಸ್ ಆಯಿತು. ಇದಕ್ಕೆ ಇನ್ನೊಂದು ಬೆಂಬಲವಿದೆ. ಅದೇ ಕಾಲದ ಪತ್ರಿಕೆಗಳು ಅವರನ್ನು ‘ಹಾನ್ಸ್’ ವ್ಯಾಗ್ನರ್ ಎಂದೂ ಕರೆಯುತ್ತಿದ್ದವು. ಹಾನಸ್ ಎಂಬ ದನಿಯಿಂದ ಹಾನ್ಸ್‌ಗೆ ಒಂದೇ ಹೆಜ್ಜೆ, ಹೋನಸ್‌ನಿಂದಾದರೆ ಸುತ್ತುದಾರಿ. ಇನ್ನು ಮನೆತನದ ಹೆಸರಿಗೆ ಬಂದರೆ, ಜರ್ಮನ್ ಸಂಗೀತಗಾರ ವಾಗ್ನರ್ ಅವರ ಹೆಸರನ್ನು ವಿ ದನಿಯಿಂದ ಹೇಳುತ್ತಾರೆ, ಆಟಗಾರ ವ್ಯಾಗ್ನರ್ ಅವರದನ್ನು ಡಬ್ಲ್ಯೂ ದನಿಯಿಂದ. ಕನ್ನಡದ ‘ವ’ ಎರಡಕ್ಕೂ ಒಗ್ಗುವುದರಿಂದ ಆ ಜಗಳದ ಅರ್ಧ ನಮ್ಮ ಮಟ್ಟಿಗೆ ಇಲ್ಲವೇ ಇಲ್ಲ.

ಸ್ಪೆಲಿಂಗ್ ಎಷ್ಟು ದುರ್ಬಲ ಸಾಕ್ಷಿ ಎಂಬುದಕ್ಕೆ ವ್ಯಾಗ್ನರ್ ಅವರ ಊರೇ ಉದಾಹರಣೆ. 1909ರಿಂದ 1911ರವರೆಗೆ ಸಿಗರೇಟ್ ಪ್ಯಾಕಿನ ಜೊತೆ ಬರುತ್ತಿದ್ದ ಚಿತ್ರಗಳ ಸರಣಿಯಲ್ಲಿ ಅವರದೊಂದು ಕಾರ್ಡ್ ಇದೆ. ಅದರ ಒಂದು ಪ್ರತಿ 2022ರಲ್ಲಿ 72.5 ಲಕ್ಷ ಡಾಲರಿಗೆ ಕೈ ಬದಲಾಯಿಸಿತು. ಆ ಕಾರ್ಡಿನ ಮೇಲೆ ಪಿಟ್ಸ್‌ಬರ್ಗ್ ಎಂಬುದರ ಕೊನೆಯಲ್ಲಿ ಇಂದು ನಾವು ಕಾಣುವ ಎಚ್ ಅಕ್ಷರವಿಲ್ಲ. ಊರ ಹೆಸರುಗಳನ್ನು ಒಪ್ಪವಾಗಿಸಲು ಹೊರಟ ಸರ್ಕಾರಿ ಮಂಡಳಿ ಅದನ್ನು ಕಿತ್ತುಹಾಕಿತ್ತು, 1911ರಲ್ಲಿ ಮತ್ತೆ ಸೇರಿಸಿತು. ಎಚ್ ಹೋದರೂ ಬಂದರೂ ಊರವರ ಬಾಯಲ್ಲಿ ಹೆಸರು ಒಂದೇ ಆಗಿತ್ತು. ವ್ಯಾಗ್ನರ್ ಬಾಳಿದ ಪಕ್ಕದ ಪಟ್ಟಣ ಉಕ್ಕಿನ ದೊರೆ ಆಂಡ್ರೂ ಕಾರ್ನೇಗಿಯ ಹೆಸರು ಹೊತ್ತಿದೆ. ಅದನ್ನು ಅಲ್ಲಿನವರು ‘ನೇ’ ಮೇಲೆ ಒತ್ತು ಕೊಟ್ಟು ಹೇಳುತ್ತಾರೆ, ನ್ಯೂಯಾರ್ಕಿನ ಸಂಗೀತ ಸಭಾಂಗಣದ ಹೆಸರಾಗಿ ಅದೇ ಪದ ಬಂದಾಗ ಒತ್ತು ಮೊದಲ ಅಕ್ಷರಕ್ಕೆ ಜಾರುತ್ತದೆ. ಸ್ಪೆಲಿಂಗ್ ಎರಡು ಕಡೆಯೂ ಒಂದೇ.

ವ್ಯಾಗ್ನರ್ ಅವರ ಸಮಕಾಲೀನ ನೆಪೋಲಿಯನ್ ಲಾಜ್ವೆ ಅವರ ಪ್ರಕರಣ ಇನ್ನೂ ಸ್ವಾರಸ್ಯದ್ದು. ಅವರೂ 1874ರಲ್ಲಿ ಹುಟ್ಟಿದವರೇ, ರೋಡ್ ಐಲೆಂಡ್ ರಾಜ್ಯದ ವೂನ್‌ಸಾಕೆಟ್‌ನಲ್ಲಿ, ಕೆನಡಾದಿಂದ ಬಂದ ಫ್ರೆಂಚ್ ಮನೆತನದಲ್ಲಿ. 1901ರಲ್ಲಿ ಅವರ ಬ್ಯಾಟಿಂಗ್ ಸರಾಸರಿ .426. ಕ್ಲೀವ್‌ಲ್ಯಾಂಡಿನ ಜನ ಅವರನ್ನು ಎಷ್ಟು ಹಚ್ಚಿಕೊಂಡರೆಂದರೆ 1903ರಿಂದ 1914ರವರೆಗೆ ಆ ಊರಿನ ತಂಡಕ್ಕೇ ‘ನ್ಯಾಪ್ಸ್’ ಎಂದು ಅವರ ಹೆಸರು. ಇಷ್ಟು ಪ್ರಸಿದ್ಧರಾದರೂ ಮನೆತನದ ಹೆಸರಿನ ಉಚ್ಚಾರದಲ್ಲಿ ಒಮ್ಮತವಿಲ್ಲ. ಇಂಗ್ಲಿಷ್ ಓದುಗ ‘ಲಜಾಯ್’ ಅಂದಾನು, ಫ್ರೆಂಚ್ ಕಲಿತವ ‘ಲಾಜ್ವಾ’ ಅಂದಾನು, ಬೇಸ್‌ಬಾಲ್ ಪರಂಪರೆ ‘ಲಾಜ್ವೆ’ ಅಥವಾ ‘ಲಾಜವೇ’ ಅನ್ನುತ್ತದೆ. ಜೊತೆ ಆಟಗಾರನೊಬ್ಬನಿಗೆ ಈ ಹೆಸರು ನಾಲಿಗೆಗೆ ಹೊರಳದೆ ‘ಲ್ಯಾರಿ’ ಅಂದುಬಿಟ್ಟ, ಅದೇ ಅಡ್ಡಹೆಸರಾಗಿ ನಿಂತಿತು ಎಂಬ ವಿವರಣೆ ಹಿಂದಿನಿಂದಲೂ ಇದೆ. ಫ್ರೆಂಚ್ ಬಲ್ಲವರು ಇಲ್ಲಿ ಆಕ್ಷೇಪ ಎತ್ತುತ್ತಾರೆ: ಮೂಲದಲ್ಲಿ ಲಾಜ್ವಾ ಎಂದಿರುವಾಗ ಅಮೆರಿಕನ್ನರ ಅಪಭ್ರಂಶವನ್ನು ನಾವೇಕೆ ಹೊರಬೇಕು? ಈ ಆಕ್ಷೇಪದಲ್ಲಿ ಒಂದು ಊಹೆ ಅಡಗಿದೆ. ಮೂಲ ಅಂದರೆ ಇಂದಿನ ಪ್ಯಾರಿಸ್ ಎಂಬ ಊಹೆ. ಹದಿನೇಳನೆಯ ಶತಮಾನದಲ್ಲಿ ಕೆನಡಾಕ್ಕೆ ಹೋಗಿ ನೆಲೆಸಿದ ಫ್ರೆಂಚರು ಓ-ಐ ಎಂಬ ಜೋಡಿ ಅಕ್ಷರವನ್ನು ‘ವೆ’ ಎಂದೇ ಉಚ್ಚರಿಸುತ್ತಿದ್ದರು. ಪ್ಯಾರಿಸ್ಸಿನಲ್ಲಿ ‘ವಾ’ ಎಂಬುದು ಶಿಷ್ಟ ಉಚ್ಚಾರವಾಗಿ ಗೆದ್ದದ್ದು ಅಲ್ಲಿನ ಮಹಾಕ್ರಾಂತಿಯ ನಂತರ. ಕೆನಡಾದ ಹಳ್ಳಿಗಾಡಿನ ಮಾತು ಹಳೆಯ ‘ವೆ’ಯನ್ನು ಬಹುಕಾಲ ಬಿಡಲಿಲ್ಲ. ಅಂದಮೇಲೆ ಲಾಜ್ವೆ ಎಂಬುದು ಅಮೆರಿಕದ ಮೈದಾನದಲ್ಲಿ ಕೆಟ್ಟ ರೂಪವೇ ಆಗಿರಬೇಕಿಲ್ಲ, ಅಜ್ಜಂದಿರ ಫ್ರೆಂಚನ್ನು ಮನೆಮಾತಿನಲ್ಲಿ ಉಳಿಸಿಕೊಂಡ ರೂಪವೂ ಆಗಿರಬಹುದು. ಅದನ್ನು ತಿದ್ದಲು ಹೊರಟ ಪಂಡಿತನೇ ಹೊಸಬ!

ಇನ್ನು ಪದ್ಯಗಳ ಸಾಕ್ಷಿ. ಪ್ರಾಸ ಕಿವಿಗೆ ಸೇರಿದ್ದು, ಆದ್ದರಿಂದ ಅಚ್ಚಿನ ಯುಗದಲ್ಲಿ ದನಿಯನ್ನು ಕಟ್ಟಿಟ್ಟ ಪೆಟ್ಟಿಗೆಗಳಲ್ಲಿ ಅದೂ ಒಂದು. 1920ರ ಚಾಂಪಿಯನ್‌ಶಿಪ್ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ ಕ್ಲೀವ್‌ಲ್ಯಾಂಡಿನ ಬಿಲ್ ವಾಮ್ಸ್‌ಗ್ಯಾನ್ಸ್ ಒಬ್ಬರೇ, ಯಾರ ನೆರವೂ ಇಲ್ಲದೆ, ಒಂದೇ ಚೆಂಡಿಗೆ ಮೂವರನ್ನು ಔಟ್ ಮಾಡಿದರು. ವರ್ಲ್ಡ್ ಸೀರೀಸ್‌ನಲ್ಲಿ ಆ ಸಾಧನೆ ಮತ್ತೆ ಯಾರಿಂದಲೂ ಆಗಿಲ್ಲ. ಹೆಸರಿನಲ್ಲಿ ಸಾಲುಸಾಲಾಗಿ ವ್ಯಂಜನಗಳು, ನಡುವೆ ಒಂದು ಬಿ. ಸ್ಕೋರ್ ಪಟ್ಟಿಯ ಕಿರಿದಾದ ಕಾಲಮ್ಮಿಗೆ ಅದು ಹಿಡಿಸದೆ ‘ವಾಂಬಿ’ ಎಂದು ಮೊಟಕಾಯಿತು. ಮೊಟಕು ರೂಪದಲ್ಲಿ ಬಿ ಕೇಳಿಸುತ್ತದೆ, ಹಾಗಾದರೆ ಪೂರ್ಣ ಹೆಸರಿನಲ್ಲೂ ಅದನ್ನು ಹೇಳಬೇಕೇ? ಹಾಸ್ಯ ಬರಹಗಾರ ರಿಂಗ್ ಲಾರ್ಡ್‌ನರ್ ಹೆಸರಿನಲ್ಲಿ ಪ್ರಸಿದ್ಧವಾದ ಒಂದು ತಮಾಷೆಯ ಚುಟುಕ ಇದನ್ನು ಬಗೆಹರಿಸುತ್ತದೆ. ಅಲ್ಲಿ ಈ ಹೆಸರಿಗೆ ಪ್ರಾಸವಾಗಿ ಕೂತಿರುವುದು ಕ್ಲ್ಯಾಮ್ಸ್ ಮತ್ತು ಚಾನ್ಸ್ ಎಂಬ ಎರಡು ಪದಗಳ ಜೋಡಿ. ಆದ್ದರಿಂದ ಬಿ ಮೂಕ, ಕೊನೆಯ ಭಾಗ ‘ಗ್ಯಾನ್ಸ್’. ಹಾಸ್ಯಕ್ಕಾಗಿ ಪ್ರಾಸವನ್ನು ಎಳೆದು ಕೂಡಿಸುವುದು ಉಂಟಲ್ಲ, ಅದನ್ನು ನಂಬುವುದು ಹೇಗೆ ಎಂದು ಕೇಳಬಹುದು. ನಿಜ, ಎಳೆಯುತ್ತಾರೆ. ಆದರೆ ಆ ಚುಟುಕದ ಮೋಜೆಲ್ಲ ಇರುವುದೇ ಕಣ್ಣಿಗೆ ಅಸಾಧ್ಯವಾಗಿ ಕಾಣುವ ಹೆಸರು ಕಿವಿಗೆ ಸಲೀಸಾಗಿ ಹೊಂದುವುದರಲ್ಲಿ. ಓದುಗನಿಗೆ ನಿಜವಾದ ಉಚ್ಚಾರ ಗೊತ್ತಿಲ್ಲದಿದ್ದರೆ ನಗುವೇ ಹುಟ್ಟದು.

ಎಲ್ಲ ಪದ್ಯವೂ ಹೀಗೆ ಸಹಾಯಕ್ಕೆ ಬರುವುದಿಲ್ಲ. ಬೇಸ್‌ಬಾಲ್ ಕುರಿತ ಅತಿ ಪ್ರಸಿದ್ಧ ಪದ್ಯಗಳಲ್ಲೊಂದು, 1910ರಲ್ಲಿ ಫ್ರಾಂಕ್ಲಿನ್ ಪಿ. ಆಡಮ್ಸ್ ನ್ಯೂಯಾರ್ಕಿನ ಪತ್ರಿಕೆಯೊಂದಕ್ಕೆ ಬರೆದದ್ದು, ಶಿಕಾಗೋ ಕಬ್ಸ್ ತಂಡದ ಟಿಂಕರ್, ಎವರ್ಸ್, ಚಾನ್ಸ್ ಎಂಬ ಮೂವರ ಹೆಸರನ್ನು ಅಮರಗೊಳಿಸಿತು. ನಡುವಿನವರಾದ ಜಾನಿ ಅವರ ಹೆಸರು ಎವರ್ಸೋ ಈವರ್ಸೋ ಎಂಬುದು ಹಳೆಯ ವ್ಯಾಜ್ಯ. ಪದ್ಯದಲ್ಲಿ ಆ ಹೆಸರು ಸಾಲಿನ ನಡುವೆ ಬರುತ್ತದೆ, ಪ್ರಾಸಸ್ಥಾನದಲ್ಲಿಲ್ಲ. ಎರಡು ಉಚ್ಚಾರಕ್ಕೂ ಎರಡೆರಡೇ ಅಕ್ಷರ, ಲಯಕ್ಕೆ ಎರಡೂ ಒಪ್ಪುತ್ತವೆ. ಸಾಕ್ಷಿ ಕಟಕಟೆ ಹತ್ತಿ ಬಾಯಿ ಮುಚ್ಚಿ ನಿಂತಂತೆ.

ಕಿವಿಯ ಮೇಲೆ ಆತು ಬರೆದವರಲ್ಲಿ ಆಟಗಾರರೇ ಕೆಲವರಿದ್ದಾರೆ. ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಊರು ಶಮೋಕಿನ್‌ನಲ್ಲಿ ಹುಟ್ಟಿದ ಸ್ಟಾನ್ ಕೊವೆಲೆಸ್ಕಿ, ಮೇಲೆ ಹೇಳಿದ 1920ರ ಸರಣಿಯಲ್ಲೇ ಕ್ಲೀವ್‌ಲ್ಯಾಂಡಿಗೆ ಮೂರು ಪಂದ್ಯ ಗೆದ್ದುಕೊಟ್ಟ ಪಿಚರ್. ಪೋಲಿಷ್ ಮನೆತನದ ಹೆಸರು ಕೊವಾಲೆವ್ಸ್ಕಿ. ಆ ಭಾಷೆಯಲ್ಲಿ ನಡುವಿನ ‘ವ’ಕಾರವನ್ನು ಡಬ್ಲ್ಯೂ ಅಕ್ಷರದಿಂದ ಬರೆಯುತ್ತಾರೆ, ಓದುವುದು ಮಾತ್ರ ವಿ ಎಂದು. ಅಮೆರಿಕದ ರೂಪದಲ್ಲಿ ಡಬ್ಲ್ಯೂ ಜಾಗಕ್ಕೆ ವಿ ಬಂತು. ಅಕ್ಷರ ಕೈಬಿಟ್ಟು ದನಿಯನ್ನು ಉಳಿಸಿಕೊಂಡದ್ದು ಇದು. ಮಿಲ್ವಾಕಿಯ ಅಲೋಯ್ಸ್ ಶಿಮಾನ್ಸ್ಕಿ ತದ್ವಿರುದ್ಧ ದಾರಿ ಹಿಡಿದರು. ಹೆಸರು ಯಾರ ಬಾಯಲ್ಲೂ ನೆಟ್ಟಗೆ ಬಾರದ್ದನ್ನು ಕಂಡು ಹಾರ್ಡ್‌ವೇರ್ ಕಂಪನಿಯೊಂದರ ಜಾಹೀರಾತಿನಲ್ಲಿದ್ದ ಹೆಸರು ತೆಗೆದುಕೊಂಡು ಆಲ್ ಸಿಮನ್ಸ್ ಆದರು, ಆ ಹೆಸರಿನಿಂದಲೇ ಬೇಸ್‌ಬಾಲ್ ದಿಗ್ಗಜರ ಗೌರವ ಸಭೆಯಾದ ಹಾಲ್ ಆಫ್ ಫೇಮ್ ಸೇರಿದರು. ಅವರನ್ನು ಇಂದು ಶಿಮಾನ್ಸ್ಕಿ ಎಂದು ಕರೆದರೆ ಅದು ಗೌರವವಾಗದು, ಅವರ ಆಯ್ಕೆಯನ್ನು ಅಳಿಸಿಹಾಕಿದಂತೆ.

ಇಲ್ಲಿಯೇ ನನ್ನ ವಾದಕ್ಕೆ ಗಟ್ಟಿಯಾದ ಎದುರುಮಾತು ಹುಟ್ಟುತ್ತದೆ. ವಲಸಿಗರ ಮಕ್ಕಳು ಎಲ್ಲವನ್ನೂ ಒಪ್ಪಿಯೇ ಸುಮ್ಮನಿದ್ದರೇ? ಬಹುಸಂಖ್ಯಾತರ ನಾಲಿಗೆ ತನ್ನ ಸೋಮಾರಿತನವನ್ನು ಅವರ ಮೇಲೆ ಹೇರಿತು, ಅವರು ಹೊಟ್ಟೆಪಾಡಿಗಾಗಿ ಸಹಿಸಿಕೊಂಡರು. ಜೊತೆಗಾರರು ಕರೆದದ್ದೇ ಸರಿ ಎಂದರೆ ಆ ಅನ್ಯಾಯಕ್ಕೆ ನಾವೂ ಮೊಹರು ಒತ್ತಿದಂತಾಗದೇ? ಈ ಮಾತಿನಲ್ಲಿ ತೂಕವಿದೆ. ಪೋರ್ಟೊ ರಿಕೊದಿಂದ ಬಂದು 1955ರಲ್ಲಿ ಪಿಟ್ಸ್‌ಬರ್ಗ್ ಸೇರಿದ ರೊಬೆರ್ತೊ ಕ್ಲೆಮೆಂತೆ ಅವರನ್ನು ಟಾಪ್ಸ್ ಕಂಪನಿಯ ಕಾರ್ಡುಗಳು 1957ರಿಂದ 1969ರವರೆಗೆ ‘ಬಾಬ್’ ಎಂದು ಕರೆದವು. ಅವರು ಮಾತ್ರ ತಾನು ರೊಬೆರ್ತೊ ಎಂದೇ ಹೇಳುತ್ತ ಬಂದರು. ಹಾಲ್ ಆಫ್ ಫೇಮ್‌ನಲ್ಲಿ 1973ರಲ್ಲಿ ಹಾಕಿದ ಫಲಕದಲ್ಲಿ ತಾಯಿಯ ಮನೆತನದ ಹೆಸರಾದ ವಾಕರ್, ಸ್ಪ್ಯಾನಿಷ್ ಪದ್ಧತಿಗೆ ವಿರುದ್ಧವಾಗಿ, ನಡುವೆ ಸೇರಿಕೊಂಡಿತ್ತು. 2000ರಲ್ಲಿ ಹೊಸ ಫಲಕ ಎರಕ ಹೊಯ್ದು ಸರಿಪಡಿಸಿದರು. ಆದ್ದರಿಂದ ನನ್ನ ಅಳತೆಗೋಲನ್ನು ಇನ್ನಷ್ಟು ಬಿಗಿ ಮಾಡಬೇಕು. ಆಟಗಾರನ ಸ್ವಂತ ಮಾತು ಸಿಕ್ಕಲ್ಲಿ ಅದೇ ಕೊನೆಯ ತೀರ್ಪು, ಮನೆಯವರ ಮತ್ತು ಜೊತೆಗಾರರ ಬಳಕೆ ಎರಡನೆಯದು, ಪತ್ರಿಕೆಯ ಅಚ್ಚು ಮೂರನೆಯದು. ಕ್ಲೆಮೆಂತೆ ಬಾಬ್ ಎಂಬುದನ್ನು ಬೇಡವೆಂದರು, ಸಿಮನ್ಸ್ ಸಿಮನ್ಸ್ ಎಂಬುದನ್ನು ಬೇಕೆಂದರು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸಲ್ಲದು.

ಈ ಕ್ರಮ ಪೂರ್ವಜರ ಭಾಷೆಯ ವಾದಕ್ಕೂ ಉತ್ತರ ಕೊಡುತ್ತದೆ. ಸಿಸಿಲಿಯ ಮೀನುಗಾರನ ಮಗ ಜೋ ಡಿಮಾಜಿಯೋ ಅವರ ಹೆಸರು ಇಟಾಲಿಯನ್ನಿನಲ್ಲಿ ‘ದಿ-ಮಾಜ್-ಜೊ’, ಮೂರೇ ಅಕ್ಷರ. ಅಲ್ಲಿ ಕೊನೆಯ ಓ ಅಕ್ಷರಕ್ಕೆ ಮೊದಲು ಬರುವ ಐ ಬರೀ ಬರಹದ ಗುರುತು, ದನಿಯಿಲ್ಲ. ಅಮೆರಿಕದಲ್ಲಿ ಆ ಐಗೆ ಜೀವ ಬಂದು ನಾಲ್ಕಕ್ಷರವಾಯಿತು. 1941ರಲ್ಲಿ ಅವರು ಸತತ 56 ಪಂದ್ಯಗಳಲ್ಲಿ ಹಿಟ್ ಹೊಡೆದಾಗ ಲೆಸ್ ಬ್ರೌನ್ ವಾದ್ಯಗೋಷ್ಠಿ ಅವರ ಬಗ್ಗೆ ಹಾಡೊಂದನ್ನು ರೆಕಾರ್ಡ್ ಮಾಡಿತು, ಅಲ್ಲಿ ನಾಲ್ಕಕ್ಷರ ಸ್ಪಷ್ಟವಾಗಿ ಕೇಳುತ್ತದೆ. ಅವರು ತಮ್ಮನ್ನು ಪರಿಚಯಿಸಿಕೊಂಡದ್ದೂ ನಾಲ್ಕಕ್ಷರದಲ್ಲೇ. ಅಂದಮೇಲೆ ಇಟಲಿಯ ವ್ಯಾಕರಣಕ್ಕೆ ಇಲ್ಲಿ ಕೆಲಸವಿಲ್ಲ.

ಬಳಕೆಯೇ ರಾಜ, ಇಂದು ಕೋಟಿ ಜನ ಹೋನಸ್ ಎನ್ನುವುದಾದರೆ ಅದೇ ಸರಿಯಾಗಲಿ ಎನ್ನುವವರೂ ಇದ್ದಾರೆ. ಸಾಮಾನ್ಯ ಪದಗಳ ವಿಷಯದಲ್ಲಿ ಇದು ಒಪ್ಪುವ ಮಾತು, ಏಕೆಂದರೆ ಪದಕ್ಕೆ ಒಡೆಯನಿಲ್ಲ. ಹೆಸರಿಗೆ ಇದ್ದಾನೆ. ಮೇಲಾಗಿ ಒಡೆಯನ ಜೊತೆಗಾರರ ದನಿಯೂ ಪೂರ್ತಿ ಕಳೆದುಹೋಗಿಲ್ಲ. ಅರ್ಥಶಾಸ್ತ್ರದ ಪ್ರಾಧ್ಯಾಪಕ ಲಾರೆನ್ಸ್ ರಿಟ್ಟರ್ 1960ರ ದಶಕದಲ್ಲಿ ಟೇಪ್ ರೆಕಾರ್ಡರ್ ಹೊತ್ತು ಊರೂರು ಅಲೆದು ಮುಪ್ಪಿನ ಆಟಗಾರರನ್ನು ಮಾತಾಡಿಸಿದರು. 1966ರಲ್ಲಿ ಅದು ‘ದಿ ಗ್ಲೋರಿ ಆಫ್ ದೇರ್ ಟೈಮ್ಸ್’ ಎಂಬ ಪುಸ್ತಕವಾಯಿತು, ಮುಂದೆ ಟೇಪುಗಳೂ ಕೇಳಲು ಸಿಕ್ಕವು. ವಾಮ್ಸ್‌ಗ್ಯಾನ್ಸ್, ಕೊವೆಲೆಸ್ಕಿ ಇಬ್ಬರೂ ಆ ಪುಸ್ತಕದಲ್ಲಿದ್ದಾರೆ. ಹಳೆಯ ಹೆಸರಿನ ಉಚ್ಚಾರ ಬೇಕಾದವರು ಪುಸ್ತಕ ತೆರೆಯುವ ಮೊದಲು ಆ ಟೇಪುಗಳಿಗೆ ಕಿವಿಗೊಡುವುದು ಒಳ್ಳೆಯದು. ರಿಟ್ಟರ್ ಎಷ್ಟೋ ಪುಟಗಳನ್ನು ಆ ಮುದುಕರ ಮಾತಿನ ಧಾಟಿಯಲ್ಲೇ ಬಿಟ್ಟಿದ್ದರೂ, ಮುದ್ರಣಕ್ಕೆ ಹೋದ ಕ್ಷಣ ಹೆಸರುಗಳೆಲ್ಲ ಮತ್ತೆ ಸ್ಪೆಲಿಂಗ್ ಆಗಿಬಿಟ್ಟವು.

ಕನ್ನಡದಲ್ಲಿ ಈ ಹೆಸರುಗಳನ್ನು ಬರೆಯುವವರಿಗೆ ಒಂದು ಹೆಚ್ಚಿನ ಹೊಣೆ. ಇಂಗ್ಲಿಷಿನ ಬರಹಗಾರ ಓ ಹಾಕಿ ನುಣುಚಿಕೊಳ್ಳಬಹುದು, ನಮ್ಮ ಲಿಪಿಯಲ್ಲಿ ಹಾ ಬರೆಯಬೇಕು ಇಲ್ಲವೇ ಹೋ ಬರೆಯಬೇಕು. ಸಿಕ್ಕ ಸಾಕ್ಷಿಗಳನ್ನು ನೋಡಿದರೆ ಹಾನಸ್ ವ್ಯಾಗ್ನರ್, ನ್ಯಾಪ್ ಲಾಜ್ವೆ, ಬಿಲ್ ವಾಮ್ಸ್‌ಗ್ಯಾನ್ಸ್ ಎಂದು ಧೈರ್ಯವಾಗಿ ಬರೆಯಬಹುದು. ಉಳಿದವರು ಕಬ್ಸ್ ತಂಡದ ಜಾನಿ. ಅವರು ನ್ಯೂಯಾರ್ಕ್ ರಾಜ್ಯದ ಟ್ರಾಯ್ ಪಟ್ಟಣದವರು. ಆ ಮನೆತನದ ಪರವಾಗಿ ಮಾತಾಡುವವರು ಈವರ್ಸ್ ಎಂಬುದರ ಕಡೆಗಿದ್ದಾರೆ, ಶಿಕಾಗೋದ ಅಭಿಮಾನಿ ಪರಂಪರೆ ಎವರ್ಸ್ ಕಡೆಗೆ. ನಾನು ಮೇಲೆ ಹಾಕಿದ ಕ್ರಮದಂತೆ ಅಭಿಮಾನಿಗಳಿಗಿಂತ ಮನೆಯವರ ಮಾತಿಗೆ ಮೊದಲ ಮಣೆ ಸಲ್ಲಬೇಕು. ಇಷ್ಟು ಹೊತ್ತು ವಾಡಿಕೆಯಂತೆ ಎವರ್ಸ್ ಎಂದೇ ಹೇಳಿದ್ದೇನೆ, ಮುಂದೆ ಬರೆಯುವಾಗ ಈವರ್ಸ್ ಎಂದು ಬರೆಯುವುದೇ ಉಚಿತ.