ಅಚ್ಚಾದ ಪುಸ್ತಕ ಓದುಗನ ಮನೆ ತಲುಪುವುದು ಹೇಗೆ?

(ಬರೆಯುವ ಶಿಕ್ಷಕರಿಗಾಗಿ ನಡೆದ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ನಮ್ಮಲ್ಲಿ ಬರೆಯುವವರಿಗೆ ಕೊರತೆಯಿಲ್ಲ. ಕವನ ಸಂಕಲನ, ಮಕ್ಕಳ ಕಥೆ, ವ್ಯಾಕರಣದ ಕೈಪಿಡಿ, ಊರಿನ ಇತಿಹಾಸ ಹೀಗೆ ಒಂದಲ್ಲ ಒಂದನ್ನು ಬರೆದು, ಸಂಬಳದಲ್ಲಿ ಉಳಿಸಿದ ಹಣದಿಂದ ತಾವೇ ಅಚ್ಚು ಹಾಕಿಸಿದ ಶಿಕ್ಷಕರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಬಿಡುಗಡೆ ಸಮಾರಂಭದಲ್ಲಿ ಐವತ್ತೋ ನೂರೋ ಪ್ರತಿಗಳು ಖರ್ಚಾಗುತ್ತವೆ. ಅವುಗಳಲ್ಲಿ ಅರ್ಧ ಗೌರವ ಪ್ರತಿಗಳೇ. ಉಳಿದ ಕಟ್ಟುಗಳು ಮಂಚದ ಕೆಳಗೆ ಸೇರುತ್ತವೆ. ಆಮೇಲೆ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಪಟ್ಟಿಯಲ್ಲಿ ಹೆಸರು ಬರಬಹುದೇ ಎಂಬ ಕಾಯುವಿಕೆ ಆರಂಭವಾಗುತ್ತದೆ. ಇದರಲ್ಲಿ ಹೋಗುವುದು ಹಣ ಮಾತ್ರವಲ್ಲ. ಎರಡನೆಯ ಪುಸ್ತಕ ಬರೆಯುವ ಉತ್ಸಾಹವೂ ಹೋಗುತ್ತದೆ.

ಉರ್ದುವಿನಲ್ಲಿ ಪ್ರಕಾಶಕನನ್ನು 'ನಾಶಿರ್' ಎನ್ನುತ್ತಾರೆ. ಹರಡುವವನು ಎಂಬುದು ಆ ಪದದ ಮೂಲ ಅರ್ಥ. ಕನ್ನಡದ 'ಪ್ರಕಾಶನ' ಎಂಬ ಮಾತಿಗೆ ಬೆಳಕಿಗೆ ತರುವುದು ಎಂದರ್ಥ. ಎರಡು ಭಾಷೆಗಳೂ ಹೇಳುವುದು ಒಂದೇ: ಅಚ್ಚು ಹಾಕಿಸಿದ ಮಾತ್ರಕ್ಕೆ ಪ್ರಕಟಣೆ ಆಗುವುದಿಲ್ಲ. ಪುಸ್ತಕ ಹರಡಬೇಕು, ಕಣ್ಣಿಗೆ ಬೀಳಬೇಕು. ಸ್ವಂತ ಖರ್ಚಿನಲ್ಲಿ ಪುಸ್ತಕ ತಂದವರು ಈ ಎರಡನೆಯ ಅರ್ಧ ಕೆಲಸವನ್ನೂ ತಾವೇ ಮಾಡಬೇಕಾಗುತ್ತದೆ.

ತನ್ನ ಪುಸ್ತಕವನ್ನು ತಾನೇ ಮಾರುವುದು ಕೀಳು ಎಂಬ ಸಂಕೋಚ ಬೇಡ. ಕನ್ನಡ ಕಾದಂಬರಿಯ ಹಿರಿಯರಾದ ಗಳಗನಾಥರು (1869-1942) ತಮ್ಮ ಪುಸ್ತಕಗಳ ಹೊರೆ ಹೊತ್ತು ಊರೂರು ತಿರುಗಿ ಮಾರಿದರು. ಜಿ.ಪಿ. ರಾಜರತ್ನಂ ಅವರೂ ಪುಸ್ತಕಗಳನ್ನು ಜೊತೆಯಲ್ಲಿ ಒಯ್ದು ಓದುಗರ ಕೈಗಿತ್ತವರು. ಸಾರಾ ಅಬೂಬಕ್ಕರ್ (1936-2023) ಮಂಗಳೂರಿನಲ್ಲಿ ಚಂದ್ರಗಿರಿ ಪ್ರಕಾಶನವನ್ನು ನಡೆಸಿ ತಮ್ಮ ಕೃತಿಗಳನ್ನು ತಾವೇ ಪ್ರಕಟಿಸಿದರು. ಅವರಿಗೆ ಇಲ್ಲದ ಒಂದು ಸೌಲಭ್ಯ ಇಂದು ನಮಗಿದೆ. ಅದೇ ಅಂತರಜಾಲದ ಪುಸ್ತಕ ಮಳಿಗೆ. ಅದನ್ನು ಬಳಸುವ ಬಗೆಯನ್ನು ಹಂತ ಹಂತವಾಗಿ ನೋಡೋಣ.

ಮೊದಲು ಗುರುತಿನ ಸಂಖ್ಯೆ

ಪುಸ್ತಕಕ್ಕೆ ಐ.ಎಸ್.ಬಿ.ಎನ್. ಇರಲಿ. 2007ರಿಂದ ಇದು 13 ಅಂಕಿಗಳ ಸಂಖ್ಯೆ. ನಮ್ಮ ದೇಶದಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯದ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಸಂಸ್ಥೆ ಇದನ್ನು ಉಚಿತವಾಗಿ ಕೊಡುತ್ತದೆ. ಲೇಖಕರೇ ನೇರವಾಗಿ ಆನ್‌ಲೈನ್ ಅರ್ಜಿ ಹಾಕಬಹುದು. ಇದಕ್ಕಾಗಿ ಮಧ್ಯವರ್ತಿಗೆ ಹಣ ಕೊಡುವ ಅಗತ್ಯವಿಲ್ಲ. ಮುದ್ರಿತ ಪ್ರತಿಗೆ ಒಂದು ಸಂಖ್ಯೆ, ಇ-ಪುಸ್ತಕಕ್ಕೆ ಇನ್ನೊಂದು ಸಂಖ್ಯೆ ಎಂಬುದು ನೆನಪಿರಲಿ.

ಯಾವ ಮಳಿಗೆ?

ನಮ್ಮ ಮುಂದೆ ನಾಲ್ಕು ದಾರಿಗಳಿವೆ. ಒಂದು, ಸಪ್ನಾ, ನವಕರ್ನಾಟಕದಂತಹ ಕನ್ನಡ ಪುಸ್ತಕ ಮಳಿಗೆಗಳಿಗೆ ರಿಯಾಯಿತಿ ದರದಲ್ಲಿ ಪ್ರತಿಗಳನ್ನು ಕೊಡುವುದು. ಅವರು ಅಂಗಡಿಯಲ್ಲೂ ಅಂತರಜಾಲದಲ್ಲೂ ಮಾರುತ್ತಾರೆ.

ಎರಡು, ಅಮೆಜಾನ್, ಫ್ಲಿಪ್‌ಕಾರ್ಟ್‌ಗಳಲ್ಲಿ ನೀವೇ ಮಾರಾಟಗಾರರಾಗಿ ಹೆಸರು ನೋಂದಾಯಿಸುವುದು. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದಾಗಿನಿಂದಲೂ ಮುದ್ರಿತ ಪುಸ್ತಕಕ್ಕೆ ತೆರಿಗೆ ವಿನಾಯಿತಿ ಇದೆ. ಸರ್ಕಾರಿ ಸೇವೆಯಲ್ಲಿರುವ ಶಿಕ್ಷಕರು ಮಾತ್ರ ನಡತೆ ನಿಯಮಗಳನ್ನು ಮೊದಲೇ ಓದಿಕೊಂಡು, ಬೇಕಾದ ಅನುಮತಿ ಪಡೆದೇ ಮುಂದುವರಿಯಬೇಕು.

ಮೂರು, ಬೇಡಿಕೆ ಬಂದಷ್ಟೇ ಅಚ್ಚು ಹಾಕುವ ವ್ಯವಸ್ಥೆ. ಬೆಂಗಳೂರಿನ ಪೋಥಿ ಡಾಟ್ ಕಾಮ್ ಸಂಸ್ಥೆ 2008ರಿಂದ ಈ ಕೆಲಸ ಮಾಡುತ್ತಿದೆ. ಒಂದು ಪ್ರತಿಯ ಖರ್ಚು ಇಲ್ಲಿ ಹೆಚ್ಚು. ಆದರೆ ಮಂಚದ ಕೆಳಗೆ ಕಟ್ಟುಗಳು ಉಳಿಯುವುದಿಲ್ಲ.

ನಾಲ್ಕು, ಇ-ಪುಸ್ತಕ. ಗೂಗಲ್ ಪ್ಲೇ ಬುಕ್ಸ್ ಮತ್ತು ಮೈಲ್ಯಾಂಗ್‌ಗಳಲ್ಲಿ ಕನ್ನಡ ಇ-ಪುಸ್ತಕಗಳು ಮಾರಾಟವಾಗುತ್ತವೆ. ಅಮೆಜಾನ್ ಕಿಂಡಲ್ ವಿಷಯದಲ್ಲಿ ಎಚ್ಚರ ಬೇಕು. 2016ರ ಡಿಸೆಂಬರಿನಲ್ಲಿ ಅದು ಹಿಂದಿ, ತಮಿಳು, ಮರಾಠಿ, ಗುಜರಾತಿ ಮತ್ತು ಮಲಯಾಳಂ ಭಾಷೆಗಳಿಗೆ ಬಾಗಿಲು ತೆರೆಯಿತು. ಆ ಐದರಲ್ಲಿ ಕನ್ನಡ ಇರಲಿಲ್ಲ. ಆದ್ದರಿಂದ ಕಡತ ಸಿದ್ಧಪಡಿಸುವ ಮೊದಲು ಆಯಾ ಮಳಿಗೆ ಒಪ್ಪುವ ಭಾಷೆಗಳ ಪಟ್ಟಿಯನ್ನು ನೋಡಿ. ಇಂಗ್ಲಿಷಿನಲ್ಲಿ ಬರೆಯುವವರು ಕಿಂಡಲ್‌ನ 'ಸೆಲೆಕ್ಟ್' ಯೋಜನೆಗೆ ಸೇರಿದರೆ, 90 ದಿನಗಳ ಆ ಅವಧಿಯಲ್ಲಿ ಅದೇ ಇ-ಪುಸ್ತಕವನ್ನು ಬೇರೆಲ್ಲೂ ಮಾರುವಂತಿಲ್ಲ ಎಂಬುದನ್ನೂ ತಿಳಿದಿರಬೇಕು.

ಹುಡುಕಿದರೆ ಸಿಗಬೇಕು

ಅಂತರಜಾಲದ ಮಳಿಗೆಯಲ್ಲಿ "ಸಾರ್, ಹೊಸ ಪುಸ್ತಕ ಬಂದಿದೆ, ನೋಡಿ" ಎಂದು ಹೇಳುವ ಅಂಗಡಿಯವನಿಲ್ಲ. ಓದುಗ ಪದಗಳನ್ನು ಬೆರಳಚ್ಚು ಮಾಡಿ ಹುಡುಕುತ್ತಾನೆ. ಆ ಪದಗಳು ನಿಮ್ಮ ಪುಸ್ತಕದ ವಿವರದಲ್ಲಿ ಇದ್ದರೆ ಪುಸ್ತಕ ಅವನ ಮುಂದೆ ಬರುತ್ತದೆ. ಇಲ್ಲದಿದ್ದರೆ ಲಕ್ಷಾಂತರ ಪುಸ್ತಕಗಳ ನಡುವೆ ಮುಳುಗಿಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಪ್ರಚಾರದ ಅರ್ಧ ಕೆಲಸ ಇಲ್ಲಿಯೇ ಇದೆ.

ನಮ್ಮ ಬಹುತೇಕ ಡಿ.ಟಿ.ಪಿ. ಕೆಲಸ ನುಡಿ, ಶ್ರೀಲಿಪಿಗಳ ಹಳೆಯ ಅಕ್ಷರ ಶೈಲಿಗಳಲ್ಲಿ ನಡೆದಿದೆ. ಉರ್ದು ಕೆಲಸ ಇನ್‌ಪೇಜ್‌ನಲ್ಲಿ. ಆ ಕಡತದಿಂದ ನಕಲು ಮಾಡಿ ಅಂಟಿಸಿದರೆ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಶೀರ್ಷಿಕೆ, ಲೇಖಕರ ಹೆಸರು, ವಿವರ ಎಲ್ಲವೂ ಯುನಿಕೋಡ್‌ನಲ್ಲೇ ಇರಬೇಕು. ಪರಿವರ್ತಿಸುವ ತಂತ್ರಾಂಶಗಳಿವೆ, ಆದರೆ ಪರಿವರ್ತನೆಯಾದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾರೆ ತಿದ್ದಲೇಬೇಕು.

ಇನ್ನೊಂದು ಮಾತು. ಕನ್ನಡ ಓದುವವರಲ್ಲೂ ಅನೇಕರು ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹುಡುಕುತ್ತಾರೆ. ಆದ್ದರಿಂದ ಶೀರ್ಷಿಕೆಯನ್ನು ಎರಡೂ ಲಿಪಿಗಳಲ್ಲಿ ಕೊಡಿ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ 'ಮಳೆ' ಮತ್ತು 'ಮಲೆ' ಒಂದೇ ಆಗಿಬಿಡುತ್ತವೆ! ಹಾಗಾಗಿ ಶೀರ್ಷಿಕೆಯ ಜೊತೆಗೆ 'ಕನ್ನಡ ಕವನಗಳು', 'ಎಂಟರಿಂದ ಹನ್ನೆರಡು ವರ್ಷದ ಮಕ್ಕಳ ಕಥೆಗಳು' ಎಂಬಂತಹ ಉಪಶೀರ್ಷಿಕೆ ಇರಲಿ.

ವಿವರಣೆಯಲ್ಲಿ 'ಹೃದಯಸ್ಪರ್ಶಿ', 'ಅಪೂರ್ವ' ಎಂಬ ವಿಶೇಷಣಗಳು ಕೆಲಸಕ್ಕೆ ಬರುವುದಿಲ್ಲ. ಪುಸ್ತಕ ಯಾರಿಗಾಗಿ, ಒಳಗೆ ಏನಿದೆ, ಎಷ್ಟು ಪುಟ ಎಂಬುದನ್ನು ಮೊದಲ ಎರಡು ಸಾಲುಗಳಲ್ಲಿಯೇ ಹೇಳಿ. ಮುಖಪುಟ ಫೋನಿನಲ್ಲಿ ಅಂಚೆ ಚೀಟಿಯಷ್ಟೇ ಕಾಣುತ್ತದೆ. ಆ ಗಾತ್ರದಲ್ಲೂ ಹೆಸರು ಓದಲು ಬರುವಂತಿರಲಿ. ಮಾದರಿ ಪುಟಗಳನ್ನು ತೋರಿಸುವ ಅವಕಾಶವಿದ್ದರೆ ಮುನ್ನುಡಿ, ಬೆನ್ನುಡಿಗಳ ಬದಲು ಒಂದು ಒಳ್ಳೆಯ ಕಥೆಯನ್ನೇ ಕಾಣುವಂತೆ ಇಡಿ.

ಲೆಕ್ಕ ಹಾಕಿ ಬೆಲೆ ಇಡಿ

ಒಂದು ಕಲ್ಪಿತ ಲೆಕ್ಕ ನೋಡೋಣ. ಪುಸ್ತಕದ ಬೆಲೆ ₹150, ಅಚ್ಚಿನ ಖರ್ಚು ₹60 ಎಂದಿಟ್ಟುಕೊಳ್ಳಿ. ಮಳಿಗೆಗೆ ಶೇಕಡಾ 40 ರಿಯಾಯಿತಿ ಕೊಟ್ಟರೆ ₹90 ಬರುತ್ತದೆ. ನಿಮಗೆ ಉಳಿಯುವುದು ₹30. ನೀವೇ ಆನ್‌ಲೈನ್‌ನಲ್ಲಿ ಮಾರಿ, ಕಮಿಷನ್, ಸಾಗಣೆ, ಪ್ಯಾಕಿಂಗ್ ಸೇರಿ ₹80 ಹೋದರೆ ಉಳಿಯುವುದು ₹10 ಮಾತ್ರ. ಆದರೆ ಮೂರು ಪುಸ್ತಕಗಳನ್ನು ₹450ರ ಒಂದು ಕಟ್ಟಾಗಿ ಮಾರಿ, ಎಲ್ಲ ಶುಲ್ಕ ₹140 ಆದರೆ, ಅಚ್ಚಿನ ₹180 ಕಳೆದು ₹130 ಉಳಿಯುತ್ತದೆ. ಅಂದರೆ ಪುಸ್ತಕವೊಂದಕ್ಕೆ ₹43. ಒಂದೇ ಪುಸ್ತಕ ಇರುವವರು ಗೆಳೆಯರ ಪುಸ್ತಕಗಳ ಜೊತೆ ಸೇರಿಸಿ ಕಟ್ಟು ಮಾಡಬಹುದು.

ಅಂಚೆಯ ದಾರಿಯೂ ಇದೆ. ಪುಸ್ತಕಗಳ ಹಳೆಯ ನೋಂದಾಯಿತ ಬುಕ್ ಪೋಸ್ಟ್ ಸೇವೆ 2024ರ ಡಿಸೆಂಬರಿನಲ್ಲಿ ನಿಂತಿತು. 2025ರ ಮೇ 1ರಂದು 'ಜ್ಞಾನ್ ಪೋಸ್ಟ್' ಆರಂಭವಾಯಿತು. ಶೈಕ್ಷಣಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗಾಗಿ ಇರುವ ಈ ಸೇವೆಯ ಆರಂಭದ ದರ 300 ಗ್ರಾಂವರೆಗೆ ₹20, 5 ಕಿಲೋವರೆಗೆ ₹100, ತೆರಿಗೆ ಪ್ರತ್ಯೇಕ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಲೇಬೇಕು. ನಿಮ್ಮ ಪುಸ್ತಕ ನಿಯಮದೊಳಗೆ ಬರುತ್ತದೆಯೇ ಎಂದು ಅಂಚೆ ಕಚೇರಿಯಲ್ಲಿ ಮೊದಲು ವಿಚಾರಿಸಿ.

ಹೊಗಳಿಕೆಯನ್ನು ಕೊಳ್ಳಬೇಡಿ

ಓದುಗರ ಅಭಿಪ್ರಾಯಗಳು ಪುಸ್ತಕದ ಮಾರಾಟಕ್ಕೆ ದೊಡ್ಡ ಬಲ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹಣ ಕೊಟ್ಟು ನಕ್ಷತ್ರ ಹಾಕಿಸುವುದು, ಮನೆಯವರಿಂದ ಹೊಗಳಿಕೆ ಬರೆಸುವುದು ಸಲ್ಲದು. ಅಮೆಜಾನ್ ನಿಯಮವೇ ಇದನ್ನು ನಿಷೇಧಿಸುತ್ತದೆ. ಅಂತಹ ಬರಹಗಳನ್ನು ಅಳಿಸಿಹಾಕುತ್ತದೆ. ಆನ್‌ಲೈನ್ ಅಭಿಪ್ರಾಯಗಳ ವಿಷಯದಲ್ಲಿ ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ ಐ.ಎಸ್. 19000 ಎಂಬ ಮಾನದಂಡವನ್ನೂ ತಂದಿದೆ. ನಿಯಮದ ಮಾತು ಹಾಗಿರಲಿ, ತರಗತಿಯಲ್ಲಿ ನಕಲು ಮಾಡಬೇಡಿ ಎಂದು ಹೇಳುವ ನಾವು ಇಲ್ಲಿ ನಕಲು ಮಾಡಬಹುದೇ? ಪುಸ್ತಕದ ಕೊನೆಯ ಪುಟದಲ್ಲಿ "ಓದಿದ ಮೇಲೆ ನಿಮ್ಮ ಅನಿಸಿಕೆಯನ್ನು, ಕೊರತೆಯನ್ನೂ ಸೇರಿಸಿ, ಬರೆಯಿರಿ" ಎಂದು ಅಚ್ಚು ಹಾಕಿಸಿ. ಹತ್ತು ಪ್ರಾಮಾಣಿಕ ಅಭಿಪ್ರಾಯಗಳು ನೂರು ಸುಳ್ಳು ನಕ್ಷತ್ರಗಳಿಗಿಂತ ಮೇಲು.

ಕರೆದು ತರುವವರು ನೀವೇ

ಮಳಿಗೆ ಕಪಾಟು ಮಾತ್ರ. ಜನರನ್ನು ಅದರ ಮುಂದೆ ನಿಲ್ಲಿಸುವವರು ನೀವು. ಹಣ ಕೊಟ್ಟು ಜಾಹೀರಾತು ಹಾಕುವ ಮೊದಲು ಹಣವಿಲ್ಲದ ದಾರಿಗಳನ್ನು ಬಳಸಿ. ವಾಟ್ಸಾಪ್ ಗುಂಪುಗಳಿಗೆ ದಿನವೂ ಮುಖಪುಟ ಕಳಿಸಿ ಬೇಸರ ಹುಟ್ಟಿಸಬೇಡಿ. ವಾರಕ್ಕೊಮ್ಮೆ ಒಂದು ಪುಟವನ್ನು ನೀವೇ ಓದಿ ಧ್ವನಿಮುದ್ರಿಸಿ, ಕೊನೆಯಲ್ಲಿ ಮಳಿಗೆಯ ಒಂದೇ ಕೊಂಡಿ ಕೊಡಿ. 2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರತಿಲಿಪಿಯಲ್ಲಿ ಕನ್ನಡಕ್ಕೂ ಉರ್ದುವಿಗೂ ಜಾಗವಿದೆ. ಅಲ್ಲಿ ಒಂದು ಕಥೆಯನ್ನು ಉಚಿತವಾಗಿ ಇಟ್ಟು ಓದುಗರ ರುಚಿಯನ್ನು ತಿಳಿಯಬಹುದು. ಬಿಡುಗಡೆಯ ಆಮಂತ್ರಣ ಪತ್ರಿಕೆಯಲ್ಲಿ ಕ್ಯೂ.ಆರ್. ಕೋಡ್ ಹಾಕಿಸಿ. ಶಿಕ್ಷಕರ ದಿನ, ರಾಜ್ಯೋತ್ಸವ, ಶಾಲಾ ಬಹುಮಾನ ವಿತರಣೆಯ ಕಾಲಕ್ಕೆ ಸರಿಯಾಗಿ ಮಳಿಗೆಯಲ್ಲಿ ಪ್ರತಿಗಳು ಇರುವಂತೆ ನೋಡಿಕೊಳ್ಳಿ. 'ದಾಸ್ತಾನು ಇಲ್ಲ' ಎಂಬ ಸೂಚನೆ ಕಂಡ ಓದುಗ ಮತ್ತೆ ಬರುವುದು ಅಪರೂಪ.

ಗಲ್ಫ್ ದೇಶಗಳಲ್ಲಿ, ಮುಂಬೈ, ಪುಣೆಗಳಲ್ಲಿ ಕನ್ನಡ ಓದುವವರಿದ್ದಾರೆ. ಅವರ ಊರಿನಲ್ಲಿ ಕನ್ನಡ ಪುಸ್ತಕದ ಅಂಗಡಿ ಸಿಗುವುದು ಕಷ್ಟ. ಬಳ್ಳಾರಿಯಲ್ಲೋ ಬೀದರಿನಲ್ಲೋ ಕುಳಿತು ಬರೆದ ಮಕ್ಕಳ ಕಥೆ ದುಬೈಯ ಒಂದು ಮನೆಯ ಫೋನಿನಲ್ಲಿ ತೆರೆದುಕೊಂಡು, ಅಲ್ಲಿಯ ಮಗುವೊಂದು ಅಕ್ಷರ ಕೂಡಿಸಿ ಕನ್ನಡ ಓದುವಂತಾದರೆ ಅದರ ಬೆಲೆಯನ್ನು ರೂಪಾಯಿಯಲ್ಲಿ ಅಳೆಯಲಾಗದು.

ಈ ಎಲ್ಲವನ್ನೂ ಒಂದೇ ದಿನ ಮಾಡಬೇಕೆಂದೇನೂ ಇಲ್ಲ. ಈ ತಿಂಗಳು ಐ.ಎಸ್.ಬಿ.ಎನ್. ಅರ್ಜಿ, ಬರುವ ತಿಂಗಳು ಯುನಿಕೋಡ್ ವಿವರ, ಆಮೇಲೆ ಒಂದು ಮಳಿಗೆ. ಕಂಪ್ಯೂಟರ್ ಬಾರದವರಿಗೆ ಶಾಲೆಯ ಕಿರಿಯ ಶಿಕ್ಷಕರು ನೆರವಾಗಲಿ. ಬರೆಯುವುದಕ್ಕೆ ಪಟ್ಟ ಶ್ರಮದ ಕಾಲು ಭಾಗವನ್ನು ಹರಡುವುದಕ್ಕೂ ಕೊಟ್ಟರೆ, ಕಟ್ಟಿಟ್ಟ ಪುಸ್ತಕಗಳು ಓದುಗರ ಕೈ ಸೇರುತ್ತವೆ ಎಂಬ ಭರವಸೆಯೊಂದಿಗೆ ನನ್ನ ಮಾತುಗಳನ್ನು ಮುಗಿಸುತ್ತೇನೆ.