ವಿಷ ಹಿಡಿದುಕೊಡುವ ಕಾಗದ

ಹೊಲಕ್ಕೆ ಔಷಧ ಹೊಡೆದು ಬಂದವರು ಒಮ್ಮೊಮ್ಮೆ, "ಯಾಕೋ ಕಣ್ಣು ಮಂಜಾಗ್ತಿದೆ, ಎದೆ ಬಿಗಿದಂಗಾಗಿದೆ" ಅನ್ನುತ್ತಾರೆ. ಬಿಸಿಲು ತಾಗಿರಬೇಕೆಂದು ಮಜ್ಜಿಗೆ ಕೊಟ್ಟು ಮಲಗಿಸುತ್ತೇವೆ. ಆದರೆ ಆ ಮಂಜಿಗೂ ಯುದ್ಧದ ವಿಷಕ್ಕೂ ನಂಟುಂಟು.

1936ರ ಕೊನೆಯಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಎಂಬ ರಸಾಯನಶಾಸ್ತ್ರಜ್ಞರು ಹುಳು ಕೊಲ್ಲುವ ಔಷಧ ಹುಡುಕುತ್ತಾ ಒಂದು ದ್ರವ ತಯಾರಿಸಿದರು. ಮುಂದೊಂದು ದಿನ ಅದರ ಹನಿ ಮೇಜಿನ ಮೇಲೆ ಚೆಲ್ಲಿತು. ಅವರಿಗೂ ಸಹಾಯಕನಿಗೂ ಕಣ್ಣಿನ ಪಾಪೆ ಕಿರಿದಾಗಿ ನೋಟ ಮಬ್ಬಾಯಿತು, ಉಸಿರಾಟ ಕಷ್ಟವಾಯಿತು. ಅದೇ ಟಾಬುನ್. ಹುಳುವಿಗೆಂದು ಹುಡುಕಿದ್ದು ಯುದ್ಧದ ವಿಷವಾಯಿತು. 1995ರಲ್ಲಿ ಟೋಕಿಯೋದ ಸುರಂಗ ರೈಲಿನಲ್ಲಿ ಜನರನ್ನು ಕೊಂದ ಸಾರಿನ್ ಅದರ ದಾಯಾದಿ. ನಮ್ಮ ಮೆಲಾಥಿಯಾನ್, ಕ್ಲೋರ್‌ಪೈರಿಫಾಸ್ ಅಷ್ಟು ಉಗ್ರವಲ್ಲ, ಆದರೆ ಕುಲ ಒಂದೇ.

ಇವು ಮಾಡುವ ಕೇಡೇನು? ಕೆರೆಯ ತೂಬು ತೆರೆದ ನೀರುಗಂಟಿ, ಸಾಕಾದಾಗ ಮುಚ್ಚಲೇಬೇಕಲ್ಲವೆ? ನರ ಕೊಟ್ಟ ಅಪ್ಪಣೆಯನ್ನು ಸ್ನಾಯುವಿಗೆ ಮುಟ್ಟಿಸುವ ರಸವೊಂದು ನಮ್ಮ ಮೈಯಲ್ಲಿದೆ. ಕೆಲಸ ಮುಗಿದೊಡನೆ ಅದನ್ನು ಒಡೆದುಹಾಕುವ ನೀರುಗಂಟಿ ಒಂದು ಕಿಣ್ವ. ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಉದ್ದದ ಹೆಸರು ಅದಕ್ಕೆ, ಮರೆತರೂ ಅಡ್ಡಿಯಿಲ್ಲ. ವಿಷವು ಈ ನೀರುಗಂಟಿಯ ಕೈ ಕಟ್ಟುತ್ತದೆ. ತೂಬು ಮುಚ್ಚುವವರಿಲ್ಲ. ಜೊಲ್ಲು, ಬೆವರು, ವಾಂತಿ, ಕೊನೆಗೆ ಉಸಿರೇ ನಿಲ್ಲುತ್ತದೆ.

ವಿಜ್ಞಾನಿಗಳು ಇದೇ ಕಿಣ್ವವನ್ನು ಕಾವಲಿಗೆ ಕೂರಿಸಿದ್ದಾರೆ. ಕಾಗದದ ಮೇಲೆ ಅದನ್ನು ಹಚ್ಚಿ, ಅದು ಒಡೆಯುವಂಥ ವಸ್ತು ಕೊಟ್ಟರೆ ಬಣ್ಣ ಏಳುತ್ತದೆ. ಗಾಳಿಯಲ್ಲೋ ನೀರಿನಲ್ಲೋ ಆ ವಿಷವಿದ್ದರೆ ಬಣ್ಣ ಏಳುವುದಿಲ್ಲ. ನಮ್ಮ ರೂಢಿಗೆ ಉಲ್ಟಾ ನೋಡಿ, ಬಣ್ಣ ಬಂದರೇ ಕ್ಷೇಮ! ಸೈನಿಕರ ಪೆಟ್ಟಿಗೆಯಲ್ಲಿ ಇಂಥ ಪರೀಕ್ಷೆ ಇರುತ್ತದೆ. ಬಣ್ಣದ ಬದಲು ವಿದ್ಯುತ್ತಿನಿಂದ ಅಳೆಯುವ ಸಾಧನಗಳೂ ಇವೆ; ಇವನ್ನು ಜೈವಿಕ ಸಂವೇದಕ ಎನ್ನುತ್ತಾರೆ. ತರಕಾರಿ, ಹಾಲಿನಲ್ಲಿ ಉಳಿದ ಕೀಟನಾಶಕ ಹುಡುಕಲೂ ಇದೇ ಉಪಾಯ. ಆದರೆ ಯಾವ ವಿಷವೆಂದು ಕಾಗದ ಹೇಳದು; ಬಿಸಿಲಿಗಿಟ್ಟರೆ ಕಿಣ್ವವೂ ಕೆಡುತ್ತದೆ.

ನಿಮ್ಮ ರಕ್ತದಲ್ಲೂ ಈ ಬಗೆಯ ಕಿಣ್ವವುಂಟು. ಅದು ಎಷ್ಟು ಇಳಿದಿದೆಯೆಂದು ಆಸ್ಪತ್ರೆಯಲ್ಲಿ ಅಳೆಯಬಹುದು. ಔಷಧ ಹೊಡೆದ ದಿನ ಕಣ್ಣು ಮಂಜಾಗಿ ಜೊಲ್ಲು ಸುರಿದರೆ ಮಜ್ಜಿಗೆಗೆ ಕಾಯಬೇಡಿ. ಬಟ್ಟೆ ಕಳಚಿಸಿ, ಮೈಗೆ ಸೋಪು ಹಚ್ಚಿ ತೊಳೆದು, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಔಷಧದ ಡಬ್ಬಿಯನ್ನೋ ಅದರ ಚೀಟಿಯನ್ನೋ ಜೊತೆಗೇ ಒಯ್ದು ಡಾಕ್ಟರಿಗೆ ತೋರಿಸಿ.